ಬಂದೂಕಿನ ಅಂಗಡಿಯ ಬೀಗದ ಕೈ ಯಾರ ಬಳಿ?

ಸುರಪುರದ ಅರಸ ರಾಜಾ ವೆಂಕಟಪ್ಪ ನಾಯಕ 1858ರ ಮೇ ತಿಂಗಳಲ್ಲಿ ತೀರಿಕೊಂಡಾಗ ಆತನಿಗೆ ಇಪ್ಪತ್ನಾಲ್ಕರ ಆಸುಪಾಸು. ಬ್ರಿಟಿಷರ ವಿರುದ್ಧ ಬಂಡೆದ್ದು, ಸೋತು, ಹೈದರಾಬಾದಿನಲ್ಲಿ ಸೆರೆಸಿಕ್ಕಿದ್ದ ಆತನನ್ನು ವಿಚಾರಣೆ ಮುಗಿದ ಮೇಲೆ ಮದರಾಸಿನ ಕಡೆಯ ಚೆಂಗಲಪಟ್ಟು ಕೋಟೆಗೆ ಕಾವಲಿನಲ್ಲಿ ಕಳಿಸಲಾಗುತ್ತಿತ್ತು. ದಾರಿಯಲ್ಲಿ ಡೇರೆ ಹಾಕಿದ್ದಾಗ ಕಾವಲಿನ ಅಧಿಕಾರಿ ತನ್ನ ರಿವಾಲ್ವರ್ ಇದ್ದ ಸೊಂಟಪಟ್ಟಿಯನ್ನು ಕುರ್ಚಿಗೆ ತೂಗುಹಾಕಿ ಹೊರಗೆ ಹೋದ. ಗುಂಡಿನ ಸದ್ದು ಕೇಳಿ ಒಳಗೆ ಓಡಿಬಂದಾಗ ಅರಸ ಹೆಣವಾಗಿ ಬಿದ್ದಿದ್ದ. ಸುರಪುರದ ಆಡಳಿತವನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ನೋಡಿಕೊಂಡಿದ್ದ ಕರ್ನಲ್ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಈ ಸಾವನ್ನು ದಾಖಲಿಸಿರುವುದು ಹೀಗೆ.

ಅದು ಆಕಸ್ಮಿಕವೋ, ಸೆರೆವಾಸಕ್ಕಿಂತ ಸಾವೇ ಲೇಸೆಂದು ಅರಸನೇ ಮಾಡಿಕೊಂಡದ್ದೋ, ಬೇರೇನಾದರೂ ನಡೆಯಿತೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಚರ್ಚೆ ಏನೇ ಇರಲಿ, ಆ ರಿವಾಲ್ವರಿನ ಒಡೆಯ ಯಾರೆಂಬುದರಲ್ಲಿ ಯಾರಿಗೂ ಸಂದೇಹ ಇರಲಿಲ್ಲ. ಅದು ಸರ್ಕಾರ ನಂಬಿದ ಅಧಿಕಾರಿಯ ಆಯುಧ. ಆ ಗಳಿಗೆಯಲ್ಲಿ ಅದು ಯಾರ ಕೈಗೆ ಎಟಕುವಂತಿತ್ತು ಎಂಬುದು ಮಾತ್ರ ಬೇರೆಯೇ ಪ್ರಶ್ನೆಯಾಗಿತ್ತು.

ಆಯುಧದ ಒಡೆಯ ಬೇರೆ, ಆಯುಧ ಕೈಗೆ ಎಟಕುವವನು ಬೇರೆ. ನೂರಾರು ವರ್ಷಗಳಿಂದ ಸರ್ಕಾರಗಳು ಒಡೆಯನನ್ನು ವಿಚಾರಿಸುತ್ತ ಬಂದಿವೆ. ಎಟಕುವವನ ವಿಚಾರಣೆ ಅಷ್ಟು ಕಟ್ಟುನಿಟ್ಟಾಗಿ ನಡೆದಿಲ್ಲ. ಇಂದು ಈ ಅಂತರ ಎದ್ದು ಕಾಣುವ ಜಾಗವೆಂದರೆ ಪರವಾನಗಿ ಪಡೆದ ಬಂದೂಕಿನ ಅಂಗಡಿ. ಅಂಗಡಿಯ ಮಾಲೀಕನ ಪೂರ್ವಾಪರವನ್ನು ಪೊಲೀಸರು ವಿಚಾರಿಸುತ್ತಾರೆ. ಬಂದೂಕು ಕೊಳ್ಳುವವನ ಪೂರ್ವಾಪರವನ್ನೂ ವಿಚಾರಿಸುತ್ತಾರೆ. ಇವರಿಬ್ಬರ ನಡುವೆ ನಿಂತು ಬೀರುವಿನ ಬೀಗ ತೆಗೆದು ಬಂದೂಕನ್ನು ಎತ್ತಿಕೊಡುವ ಸಂಬಳದ ಕೆಲಸಗಾರ ಯಾರು?

ಅಂಗಡಿಯಲ್ಲಿ ನಡೆಯುವುದೇನು

ಬಂದೂಕಿನ ಅಂಗಡಿ ಎಂದಕೂಡಲೇ ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದ ಜೋಡುನಳಿಗೆಯ ಬಂದೂಕುಗಳು ಕಣ್ಣಮುಂದೆ ಬರುತ್ತವೆ. ಹೊಸ ಬಂದೂಕಿನ ಮಾರಾಟ ಈ ವ್ಯಾಪಾರದ ಒಂದು ಭಾಗ ಮಾತ್ರ. ಒಬ್ಬ ಪರವಾನಗಿದಾರ ಬಂದೂಕು ಕೊಳ್ಳುವುದು ಜೀವಮಾನದಲ್ಲಿ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಆತ ಅಂಗಡಿಗೆ ಮತ್ತೆ ಮತ್ತೆ ಬರುವುದು ತೋಟಾಗಳಿಗಾಗಿ ಮತ್ತು ದುರಸ್ತಿಗಾಗಿ.

ತೋಟಾ ಮಾರಾಟಕ್ಕೆ ಒಂದು ಕ್ರಮವಿದೆ. ಒಮ್ಮೆಗೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದು ಪರವಾನಗಿ ಪುಸ್ತಕದಲ್ಲಿಯೇ ನಮೂದಾಗಿರುತ್ತದೆ. ಅಂಗಡಿಯವರು ಅದನ್ನು ನೋಡಿ, ಕೊಟ್ಟ ತೋಟಾಗಳ ಬಗೆ, ಸಂಖ್ಯೆ, ತಾರೀಖನ್ನು ಗಿರಾಕಿಯ ಪುಸ್ತಕದಲ್ಲಿಯೂ ತಮ್ಮ ದಾಸ್ತಾನು ಪುಸ್ತಕದಲ್ಲಿಯೂ ಬರೆಯಬೇಕು. ಅಧಿಕಾರಿಗಳು ತಪಾಸಣೆಗೆ ಬಂದಾಗ ಎರಡೂ ತಾಳೆಯಾಗಬೇಕು.

ಇದಲ್ಲದೆ ಜನಸಾಮಾನ್ಯರಿಗೆ ಅಷ್ಟಾಗಿ ತಿಳಿಯದ ಇನ್ನೊಂದು ಕೆಲಸವೂ ಇದೆ. ಮನೆಯ ಹಿರಿಯರು ತೀರಿಕೊಂಡರೆ ಅವರ ಹೆಸರಿನ ಪರವಾನಗಿ ಮಕ್ಕಳಿಗೆ ತಾನಾಗಿಯೇ ಬರುವುದಿಲ್ಲ. ಅಪ್ಪನ ಬಂದೂಕನ್ನು ಗೋಡೆಯ ಮೊಳೆಗೆ ಹಾಗೇ ಬಿಟ್ಟರೆ ಅದು ಅಪರಾಧವಾಗುತ್ತದೆ. ಪರವಾನಗಿಯ ಅವಧಿ ಮುಗಿದಾಗ, ಅದು ರದ್ದಾದಾಗಲೂ ಅಷ್ಟೇ. ಇಂಥ ಆಯುಧವನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಇಲ್ಲವೇ ಪರವಾನಗಿ ಪಡೆದ ಅಂಗಡಿಯಲ್ಲಿ ಠೇವಣಿ ಇಡಬೇಕು ಎನ್ನುತ್ತದೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ. ಚುನಾವಣೆ ಬಂದಾಗಲೂ ಜಿಲ್ಲಾಡಳಿತದ ಆದೇಶದಂತೆ ಬಂದೂಕುಗಳು ಮನೆಯಿಂದ ಹೊರಡುತ್ತವೆ. ಹೆಚ್ಚಿನವು ಠಾಣೆಗೆ ಹೋದರೆ ಕೆಲವೆಡೆ ಅಂಗಡಿಗಳಿಗೂ ಹೋಗುತ್ತವೆ. ಬೆಳೆ ಕಾಯಲು ಪರವಾನಗಿ ಪಡೆದ ರೈತರು ಆ ದಿನಗಳಲ್ಲಿ ಕಾಡುಹಂದಿಯ ಕಾಟ ಹೇಗೆ ತಡೆಯುವುದೆಂದು ಗೊಣಗುವುದು ಪ್ರತಿ ಚುನಾವಣೆಯ ಸುದ್ದಿ.

ಹೀಗಾಗಿ ಅಂಗಡಿಯ ಒಳಕೋಣೆಯಲ್ಲಿ ಮಾರಾಟದ ಮಾಲಿನ ಜೊತೆಗೆ ಊರವರ ಮಾಲೂ ಇರುತ್ತದೆ. 2019ರ ತಿದ್ದುಪಡಿಯ ನಂತರ ಸಾಮಾನ್ಯ ನಾಗರಿಕ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಅದಕ್ಕೆ ಮೊದಲು ಈ ಮಿತಿ ಮೂರು ಇತ್ತು. ಆದರೆ ವ್ಯಾಪಾರಿಗೆ ಈ ಮಿತಿ ಅನ್ವಯಿಸುವುದಿಲ್ಲ. ವ್ಯಾಪಾರ ನಡೆಯಬೇಕಾದರೆ ಅನ್ವಯಿಸಲೂ ಬಾರದು. ಊರಿನಲ್ಲಿ ಯಾರ ಕೈಗೂ ಎಟಕದಷ್ಟು ಆಯುಧ ಎಟಕುವುದು ಅಲ್ಲಿ ಕೆಲಸ ಮಾಡುವವನಿಗೆ.

ಕಾಯ್ದೆ ಯಾರನ್ನು ವಿಚಾರಿಸುತ್ತದೆ

ಬಂದೂಕಿನ ತಯಾರಿಕೆ, ಮಾರಾಟ, ದುರಸ್ತಿ, ಪರೀಕ್ಷೆ ಇವೆಲ್ಲಕ್ಕೂ ಪರವಾನಗಿ ಬೇಕೆಂದು ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಹೇಳುತ್ತದೆ. ಅರ್ಜಿ ಬಂದಾಗ ಹತ್ತಿರದ ಠಾಣಾಧಿಕಾರಿಯಿಂದ ವರದಿ ತರಿಸಿಕೊಳ್ಳಬೇಕೆಂದು 13ನೇ ಕಲಂ ಹೇಳುತ್ತದೆ. ಪರವಾನಗಿಯನ್ನು ಯಾವ ಕಾರಣಕ್ಕೆ ನಿರಾಕರಿಸಬಹುದು ಎಂಬುದು 14ನೇ ಕಲಂನಲ್ಲಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು 9ನೇ ಕಲಂ. ಯಾರು ಬಂದೂಕನ್ನು ಹೊಂದಬಾರದು, ಒಯ್ಯಬಾರದು ಎಂಬ ಪಟ್ಟಿ ಅದರಲ್ಲಿದೆ. ಇಪ್ಪತ್ತೊಂದು ವರ್ಷ ತುಂಬದವರು, ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕಾಗಿ ಜೈಲುಶಿಕ್ಷೆ ಅನುಭವಿಸಿ ಇನ್ನೂ ಐದು ವರ್ಷ ಕಳೆಯದವರು, ಶಾಂತಿ ಪಾಲನೆಗೆ ಅಥವಾ ಸನ್ನಡತೆಗೆ ಮುಚ್ಚಳಿಕೆ ಬರೆದುಕೊಡಬೇಕೆಂಬ ಆದೇಶಕ್ಕೆ ಒಳಗಾಗಿ ಅದರ ಅವಧಿ ಮುಗಿಯದವರು ಈ ಪಟ್ಟಿಗೆ ಸೇರುತ್ತಾರೆ. ಇಂಥವರಿಗೆ, ಹಾಗೆಯೇ ಬುದ್ಧಿ ಸ್ಥಿಮಿತದಲ್ಲಿಲ್ಲದವರಿಗೆ, ಗೊತ್ತಿದ್ದೂ ಬಂದೂಕು ಮಾರುವುದು ಅಪರಾಧ.

ಈ ಕಲಂಗಳನ್ನು ಜೊತೆಗಿಟ್ಟು ಓದಿದರೆ ಒಂದು ತೆರಪು ಕಾಣುತ್ತದೆ. 9ನೇ ಕಲಂನ ನಿಷೇಧ ಎಲ್ಲರಿಗೂ ಅನ್ವಯಿಸುವಂಥದ್ದು, ಅಂಗಡಿಯ ಕೆಲಸಗಾರ ಅದರಿಂದ ಹೊರಗಲ್ಲ. ಆದರೆ 13ನೇ ಕಲಂನ ಪೊಲೀಸ್ ವಿಚಾರಣೆ ನಡೆಯುವುದು ಅರ್ಜಿದಾರನ ಮೇಲೆ. ಕೆಲಸಗಾರ ಅರ್ಜಿದಾರನಲ್ಲ. ಆತ ಮಾಲೀಕನ ಪರವಾನಗಿಯ ನೆರಳಿನಲ್ಲಿ ದುಡಿಯುವವನು. ನಿಷೇಧ ಅವನಿಗೂ ಇದೆ, ನಿಷೇಧಿತನೋ ಅಲ್ಲವೋ ಎಂದು ಕಂಡುಹಿಡಿಯುವ ವ್ಯವಸ್ಥೆ ಮಾತ್ರ ಕಾಯ್ದೆಯ ಈ ಕಲಂನಲ್ಲಿ ಇಲ್ಲ. ಆ ಹೊಣೆ ಮಾಲೀಕನ ವಿವೇಚನೆಯ ಮೇಲೆ ಬೀಳುತ್ತದೆ. ಮಾಲೀಕ ತನಗೆ ಪರಿಚಯದವರನ್ನೋ, ನೆಂಟರಿಷ್ಟರ ಮಕ್ಕಳನ್ನೋ ಕೆಲಸಕ್ಕೆ ಇಟ್ಟುಕೊಳ್ಳುತ್ತಾನೆ.

ಮಾಲೀಕನ ಪರವಾನಗಿ ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಬರುತ್ತದೆ. ಆಗ ಕಡತ ಮತ್ತೆ ಮೇಜಿಗೆ ಬರುತ್ತದೆ, ವರದಿ ಮತ್ತೆ ಬರುತ್ತದೆ. ಈ ಐದು ವರ್ಷದಲ್ಲಿ ಅಂಗಡಿಯಲ್ಲಿ ಎಷ್ಟು ಜನ ಕೆಲಸಕ್ಕೆ ಸೇರಿದರು, ಎಷ್ಟು ಜನ ಬಿಟ್ಟುಹೋದರು ಎಂಬುದು ಬೇರೆ ಮಾತು.

ತಪ್ಪು ನಡೆದ ಮೇಲಿನ ಶಿಕ್ಷೆಯಲ್ಲಿ ಕಾಯ್ದೆ ಸಡಿಲವಾಗಿಲ್ಲ. ಪರವಾನಗಿ ಇಲ್ಲದೆ ಬಂದೂಕು ತಯಾರಿಸಿದರೆ, ಮಾರಿದರೆ 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ. ಬಂದೂಕು, ಮದ್ದುಗುಂಡುಗಳ ಕಳ್ಳಸಾಗಣೆಯಲ್ಲಿ ತೊಡಗಿದರೆ ಅಥವಾ ಅದಕ್ಕೆ ನೆರವಾದರೆ ಕನಿಷ್ಠ ಹತ್ತು ವರ್ಷ. ಆದರೆ ಶಿಕ್ಷೆ ಬರುವುದು ತೋಟಾ ಅಂಗಡಿ ದಾಟಿ ಹೋದಮೇಲೆ.

ಅದು ದಾಟಿ ಹೋಗಲು ದೊಡ್ಡ ದರೋಡೆಯೇನೂ ಆಗಬೇಕಿಲ್ಲ. ಗಿರಾಕಿ ಹತ್ತು ತೋಟಾಗಳನ್ನು ಕೊಂಡರೆ ಪುಸ್ತಕದಲ್ಲಿ ಇಪ್ಪತ್ತು ಎಂದು ಬರೆದರೆ ಸಾಕು. ಗಿರಾಕಿಗೆ ಓದಲು ಬಾರದಿದ್ದರೆ ಅಥವಾ ಆತ ಪುಸ್ತಕವನ್ನು ಬಿಚ್ಚಿ ನೋಡದಿದ್ದರೆ ಲೆಕ್ಕ ಕಾಗದದ ಮೇಲೆ ತಾಳೆಯಾಗುತ್ತದೆ. ಉಳಿದ ಹತ್ತು ಯಾರ ಜೇಬಿಗೆ ಹೋದವು ಎಂದು ತಪಾಸಣೆಗೆ ಬಂದವರಿಗೂ ತಿಳಿಯುವುದಿಲ್ಲ. ಅದು ಗೊತ್ತಿರುವುದು ಪುಸ್ತಕ ಬರೆದವನಿಗೆ ಮಾತ್ರ.

ಬೇಡರ ನಾಡಿನ ಅನುಭವ

ಆಯುಧವನ್ನು ಯಾರ ಕೈಗೆ ಕೊಡಬಹುದು ಎಂಬ ಪ್ರಶ್ನೆ ಯಾದಗಿರಿ ಜಿಲ್ಲೆಯ ನೆಲಕ್ಕೆ ಹೊಸದಲ್ಲ. ಶಹಾಪುರದ ಮಲಗಿದ ಬುದ್ಧನ ಬೆಟ್ಟ ದಾಟಿ ಸುರಪುರದ ಕಡೆ ಹೊರಟರೆ ಸಿಗುವುದು ಬೇಡ ನಾಯಕರು ಆಳಿದ ಸೀಮೆ. ಇಲ್ಲಿಯ ವಾಗಣಗೇರಾ ಕೋಟೆಗೆ ಔರಂಗಜೇಬ 1705ರಲ್ಲಿ ಮುತ್ತಿಗೆ ಹಾಕಿದ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ನಡೆದ ಆ ಮುತ್ತಿಗೆ ಮೊಗಲ್ ಬಾದಶಹ ಸ್ವತಃ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ. ಬೇಡರ ಬಂದೂಕಿನವರ ಗುರಿಗೆ ಆಗ ದಖ್ಖನಿನಲ್ಲೆಲ್ಲ ಹೆಸರಿತ್ತು. ಕೋಟೆ ಕೊನೆಗೆ ಬಾದಶಹನ ವಶವಾಯಿತು. ಆ ಹೊತ್ತಿಗೆ ಪಿಡ್ಡನಾಯಕ ತನ್ನವರೊಂದಿಗೆ ಪಾರಾಗಿದ್ದ.

ಅಂದಿನ ಸೈನ್ಯದಲ್ಲಿ ಠಾಣೆಯ ವರದಿ ಇರಲಿಲ್ಲ. ಯಾರ ಮಗ, ಯಾವ ಊರಿನವನು, ಯಾರ ಜಾಮೀನು ಎಂಬ ಮೂರು ಪ್ರಶ್ನೆಗಳಲ್ಲೇ ಪೂರ್ವಾಪರ ವಿಚಾರಣೆ ಮುಗಿಯುತ್ತಿತ್ತು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಅದು ನಡೆಯುವ ಪದ್ಧತಿ. ಬಂದೂಕು ಹಿಡಿದವನು ತಪ್ಪು ಮಾಡಿದರೆ ಜಾಮೀನು ನಿಂತವನು ಉತ್ತರ ಕೊಡಬೇಕಿತ್ತು.

ಬ್ರಿಟಿಷರು ಬಂದಮೇಲೆ ಪ್ರಶ್ನೆ ಬದಲಾಯಿತು. 1857ರ ದಂಗೆಯ ಬಿಸಿಯಲ್ಲಿ ಅವರು ಶಸ್ತ್ರಗಳನ್ನು ಒಪ್ಪಿಸಬೇಕೆಂಬ ಕಾನೂನು ತಂದರು. ಕೃಷ್ಣೆಯ ದಕ್ಷಿಣಕ್ಕೆ, ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಕೊಡಲು ಒಪ್ಪಲಿಲ್ಲ. 1857ರ ನವೆಂಬರ್ ಕೊನೆಯಲ್ಲಿ ಸೈನ್ಯ ಹಳ್ಳಿಯ ಮೇಲೆ ಬಿತ್ತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಒಟ್ಟು 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಉತ್ತರ ಕರ್ನಾಟಕದ ಲಾವಣಿಕಾರರು ಇಂದಿಗೂ ಹಾಡುವುದು ಈ ಕಥೆಯನ್ನೇ. ಎರಡು ತಿಂಗಳು ಕಳೆಯುವಷ್ಟರಲ್ಲಿ, 1858ರ ಫೆಬ್ರುವರಿಯಲ್ಲಿ, ಸುರಪುರದ ಕದನ ನಡೆಯಿತು. ಕ್ಯಾಪ್ಟನ್ ನ್ಯೂಬೆರಿ ಅಲ್ಲಿ ಸತ್ತ. ವೆಂಕಟಪ್ಪ ನಾಯಕ ಹೈದರಾಬಾದಿನತ್ತ ಹೊರಟು ಅಲ್ಲಿ ಸಿಕ್ಕಿಬಿದ್ದ. ಟೇಲರನನ್ನು ‘ಅಪ್ಪಾ’ ಎಂದೇ ಕರೆಯುತ್ತ ಬೆಳೆದ ಹುಡುಗ ಅವನು. ಟೇಲರ್ ವಾಸವಿದ್ದ ಮಂಜಿಲ್ ಸುರಪುರದ ಬೆಟ್ಟದ ಮೇಲೆ ಈಗಲೂ ನಿಂತಿದೆ. 1860ರಲ್ಲಿ ಸುರಪುರ ನಿಜಾಮರ ಪಾಲಾಯಿತು.

1878ರಲ್ಲಿ ಲಾರ್ಡ್ ಲಿಟ್ಟನ್ ಕಾಲದಲ್ಲಿ ಬಂದ ಶಸ್ತ್ರ ಕಾಯ್ದೆ ಬ್ರಿಟಿಷ್ ಇಂಡಿಯಾದ ಜನರಿಗೆ ಪರವಾನಗಿ ಕಡ್ಡಾಯ ಮಾಡಿತು. ಯುರೋಪಿಯನ್ನರಿಗೆ ವಿನಾಯಿತಿ ಇತ್ತು. ಮೈಬಣ್ಣವೇ ಅಲ್ಲಿ ಪೂರ್ವಾಪರವಾಗಿತ್ತು. ಇದಕ್ಕಿಂತ ಕ್ರೂರವಾದದ್ದು 1871ರಲ್ಲಿ ಆರಂಭವಾದ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಕೆಲವು ಸಮುದಾಯಗಳಲ್ಲಿ ಹುಟ್ಟಿದವರೆಲ್ಲ ಹುಟ್ಟಿನಿಂದಲೇ ಅಪರಾಧಿಗಳು ಎಂದು ಅದು ಪಟ್ಟಿ ಮಾಡಿತು. ಪಟ್ಟಿಯಲ್ಲಿದ್ದವರು ಠಾಣೆಗೆ ಹಾಜರಿ ಹಾಕಬೇಕಿತ್ತು, ಊರು ಬಿಡಲು ಅಪ್ಪಣೆ ಪಡೆಯಬೇಕಿತ್ತು. 1952ರಲ್ಲಿ ಈ ಕಾನೂನು ರದ್ದಾಯಿತು. ಪಟ್ಟಿಯಿಂದ ಹೊರಬಂದವರನ್ನು ವಿಮುಕ್ತರೆಂದು ಕರೆಯಲಾಯಿತು. ಮಹಾರಾಷ್ಟ್ರದ ವಿಮುಕ್ತ ಜಾತಿಗಳ ಪಟ್ಟಿಯಲ್ಲಿ ಬೇರಡರ, ಅಂದರೆ ಬೇಡರ, ಹೆಸರು ಈಗಲೂ ಇದೆ. ನದಿಯ ಈಚೆ ಅರಸೊತ್ತಿಗೆ ನಡೆಸಿ ಬಂದೂಕಿಗೆ ಹೆಸರಾದ ಸಮುದಾಯ ಬೇರೊಂದು ಸೀಮೆಯ ಕಡತದಲ್ಲಿ ಹುಟ್ಟು ಅಪರಾಧಿಗಳಾಗಿತ್ತು.

ಸ್ವತಂತ್ರ ಭಾರತದ ಶಸ್ತ್ರಾಸ್ತ್ರ ಕಾಯ್ದೆ 1959ರಲ್ಲಿ ಅಂಗೀಕಾರವಾಗಿ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಅದು ಕೇಳುವುದು ಒಬ್ಬೊಬ್ಬ ವ್ಯಕ್ತಿಯ ನಡತೆಯನ್ನು. ಹಳೆಯ ನಂಬಿಕೆಯ ಒಂದು ಉಳಿಕೆ ಕರ್ನಾಟಕದಲ್ಲಿಯೇ ಇದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಇದೆ. ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಲಾಗಿದ್ದು, ರಾಜ್ಯ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಉಳಿದ ಎಲ್ಲ ಕಡೆ, ಯಾದಗಿರಿ ಜಿಲ್ಲೆಯಲ್ಲಿಯೂ, ಅರ್ಜಿ ಸಾಗಬೇಕಾದದ್ದು ಠಾಣೆಯ ವರದಿಯ ಮೂಲಕವೇ.

ಬ್ಯಾಂಕಿನ ಕಾವಲುಗಾರ ಮತ್ತು ಅಂಗಡಿಯ ಕೆಲಸಗಾರ

ಸಂಬಳಕ್ಕೆ ದುಡಿಯುವವನ ಪೂರ್ವಾಪರವನ್ನು ವಿಚಾರಿಸಬೇಕೆಂಬುದು ನಮ್ಮ ಕಾನೂನಿಗೆ ಅಪರಿಚಿತ ವಿಷಯವೇನಲ್ಲ. ಬ್ಯಾಂಕಿನ ಬಾಗಿಲಲ್ಲಿ, ಹಣ ಸಾಗಿಸುವ ವ್ಯಾನಿನ ಪಕ್ಕದಲ್ಲಿ ನಿಲ್ಲುವ ಖಾಸಗಿ ಕಾವಲುಗಾರರನ್ನು ನೋಡಬಹುದು. ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣಕ್ಕಾಗಿ 2005ರಲ್ಲಿ ಬಂದ ಕೇಂದ್ರ ಕಾಯ್ದೆಯ 10ನೇ ಕಲಂ ಕಾವಲುಗಾರ ಯಾರಾಗಿರಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಹದಿನೆಂಟು ತುಂಬಿರಬೇಕು, ಅರವತ್ತೈದು ದಾಟಿರಬಾರದು. ಚಾರಿತ್ರ್ಯ ಮತ್ತು ಪೂರ್ವಾಪರಗಳ ಬಗ್ಗೆ ಸಂಸ್ಥೆಗೆ ಖಾತ್ರಿಯಾಗಿರಬೇಕು. ನಿಗದಿತ ತರಬೇತಿ ಮುಗಿಸಿರಬೇಕು. ಅಪರಾಧ ಸಾಬೀತಾದವರನ್ನು, ದುರ್ನಡತೆಗಾಗಿ ಸೈನ್ಯ ಅಥವಾ ಪೊಲೀಸ್ ಕೆಲಸದಿಂದ ವಜಾ ಆದವರನ್ನು ನೇಮಿಸಿಕೊಳ್ಳುವಂತಿಲ್ಲ.

ಆ ಕಾವಲುಗಾರನ ಕೈಯಲ್ಲಿ ಬಹುತೇಕ ಇರುವುದು ಒಂದು ಲಾಠಿ, ಕೆಲವರ ಕೈಯಲ್ಲಿ ಒಂದು ಬಂದೂಕು. ಅವನ ನೇಮಕಕ್ಕೆ ಕಾನೂನು ಇಷ್ಟು ಷರತ್ತು ಹಾಕಿದೆ. ಬಂದೂಕುಗಳನ್ನೇ ಮಾರುವ ಅಂಗಡಿಯ ಸಹಾಯಕನ ವಿಷಯದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯ ಕಲಂಗಳು ಇಷ್ಟು ಬಿಡಿಸಿ ಹೇಳುವುದಿಲ್ಲ. ಒಂದು ಕಾಯ್ದೆ ನೌಕರನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು, ಇನ್ನೊಂದು ಒಡೆಯನನ್ನು. ವ್ಯತ್ಯಾಸದ ಮೂಲ ಇಷ್ಟೇ.

ಹೊರದೇಶಗಳಲ್ಲಿ

ಈ ತೆರಪು ಭಾರತದ್ದು ಮಾತ್ರವಲ್ಲ. ಬಂದೂಕಿಗೆ ಹೆಸರಾದ ಅಮೆರಿಕದಲ್ಲಿಯೂ ಅದು ಬಹಳ ಕಾಲ ಇತ್ತು. ಅಲ್ಲಿ 1968ರ ಕಾಯ್ದೆ ಯಾರು ಬಂದೂಕು ಹೊಂದಬಾರದೆಂದು ಪಟ್ಟಿ ಮಾಡಿತು. 1993ರ ಬ್ರೇಡಿ ಕಾಯ್ದೆ ಗಿರಾಕಿಯ ಪೂರ್ವಾಪರ ನೋಡಬೇಕೆಂದಿತು. 1998ರ ನವೆಂಬರಿನಿಂದ ಅಂಗಡಿಯವರು ಎಫ್‌ಬಿಐ ನಡೆಸುವ ವ್ಯವಸ್ಥೆಯನ್ನು ಸಂಪರ್ಕಿಸಿ, ಬಹಳಷ್ಟು ಸಂದರ್ಭಗಳಲ್ಲಿ ನಿಮಿಷಗಳಲ್ಲೇ ಉತ್ತರ ಪಡೆಯುವಂತಾಯಿತು. ವಿಚಿತ್ರವೆಂದರೆ, ಎದುರಿಗೆ ನಿಂತ ಗಿರಾಕಿಯ ಬಗ್ಗೆ ಕೇಳಬಹುದಾಗಿದ್ದ ಅಂಗಡಿಯವರು ತಮ್ಮ ಪಕ್ಕದಲ್ಲೇ ನಿಂತ ನೌಕರನ ಬಗ್ಗೆ ಅದೇ ವ್ಯವಸ್ಥೆಯಲ್ಲಿ ಕೇಳುವಂತಿರಲಿಲ್ಲ. ಅದು ಕೇವಲ ಮಾರಾಟಕ್ಕೆಂದು ಮಾಡಿದ ವ್ಯವಸ್ಥೆ. ಟೆಕ್ಸಾಸಿನ ಯುವಾಲ್ಡೆ ಶಾಲೆಯಲ್ಲಿ ನಡೆದ ಹತ್ಯಾಕಾಂಡದ ಬೆನ್ನಿಗೆ, 2022ರ ಜೂನ್‌ನಲ್ಲಿ ಬಂದ ಕಾಯ್ದೆ ಈ ಅಡ್ಡಿಯನ್ನು ತೆಗೆಯಿತು. ನೌಕರನ ಒಪ್ಪಿಗೆ ಪಡೆದು ವಿಚಾರಿಸಲು ವ್ಯಾಪಾರಿಗೆ ಅವಕಾಶ ಕೊಟ್ಟಿತು, ಕಡ್ಡಾಯ ಮಾಡಲಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ ಇನ್ನೂ ಮುಂದೆ ಹೋಗಿ, ತೋಟಾಗಳನ್ನು ಮುಟ್ಟುವ ಅಂಗಡಿಯ ನೌಕರರು ರಾಜ್ಯ ಸರ್ಕಾರದಿಂದ ಅರ್ಹತಾ ಪತ್ರ ಪಡೆಯಬೇಕೆಂದು ಹೇಳಿದೆ.

ಬ್ರಿಟನ್ನಿನ ದಾರಿ ಬೇರೆ. ಅಲ್ಲಿಯ 1968ರ ಬಂದೂಕು ಕಾಯ್ದೆಯ 8ನೇ ಕಲಂ ನೋಂದಾಯಿತ ವ್ಯಾಪಾರಿಯ ಜೊತೆಗೆ ಅವನ ಕೆಲಸಗಾರನನ್ನೂ ಹೆಸರಿಸುತ್ತದೆ. ವ್ಯಾಪಾರದ ಕೆಲಸದಲ್ಲಿ ಇರುವಷ್ಟು ಹೊತ್ತು ಆ ಕೆಲಸಗಾರ ಪ್ರತ್ಯೇಕ ಪತ್ರವಿಲ್ಲದೆ ಬಂದೂಕು ಹೊಂದಬಹುದು. ಕೆಲಸಗಾರನನ್ನು ಕಾನೂನು ಕಣ್ಣೆತ್ತಿ ನೋಡಿತು ಎಂಬಷ್ಟರ ಮಟ್ಟಿಗಾದರೂ ಇದು ಗಮನಾರ್ಹ.

ವಿಚಾರಣೆಯಿಂದ ಎಲ್ಲ ಸರಿಹೋಗುತ್ತದೆಯೇ?

ಹಾಗೆಂದು ಹೇಳಲು ಬರುವುದಿಲ್ಲ. ನಾಡಿನಲ್ಲಿ ನಡೆಯುವ ಕೊಲೆಗಳಲ್ಲಿ ಅಂಗಡಿಯ ಬಂದೂಕಿಗಿಂತ ನಾಡ ಪಿಸ್ತೂಲಿನ ಹೆಸರೇ ಹೆಚ್ಚಾಗಿ ಕೇಳಿಬರುತ್ತದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನೂ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನೂ ಕೊಂದದ್ದು 7.65 ಮಿ.ಮೀ. ನಾಡ ಪಿಸ್ತೂಲು ಎಂದು ತನಿಖೆ ಹೇಳಿತ್ತು. ನಾಡ ಪಿಸ್ತೂಲಿಗೆ ಅಂಗಡಿಯೂ ಇಲ್ಲ, ದಾಸ್ತಾನು ಪುಸ್ತಕವೂ ಇಲ್ಲ. ಆದರೂ ಒಂದು ವಿಷಯ ಮರೆಯುವಂತಿಲ್ಲ. ಪಿಸ್ತೂಲನ್ನು ಕುಲುಮೆಯಲ್ಲಿ ಮಾಡಬಹುದು, ಒಳ್ಳೆಯ ತೋಟಾ ಮಾಡುವುದು ಅಷ್ಟು ಸುಲಭವಲ್ಲ. ಅದು ಬೇಕಾದವನು ಕಾರ್ಖಾನೆಯ ಮಾಲನ್ನು ಹುಡುಕುತ್ತಾನೆ. ಆ ಮಾಲು ಜನರಿಗೆ ತಲುಪುವ ಕಾನೂನಿನ ದಾರಿಗಳಲ್ಲಿ ಅಂಗಡಿಯೂ ಒಂದು.

ವಿಚಾರಣೆಗೆ ಒಳಪಟ್ಟವರೂ ತಪ್ಪು ಮಾಡಬಹುದು ಎಂಬುದಕ್ಕೆ ಜಮ್ಮು ಮತ್ತು ಕಾಶ್ಮೀರದ ಪ್ರಕರಣ ನಿದರ್ಶನ. 2012ರಿಂದ 2016ರವರೆಗೆ ಅಲ್ಲಿ 2.78 ಲಕ್ಷಕ್ಕೂ ಹೆಚ್ಚು ಶಸ್ತ್ರ ಪರವಾನಗಿಗಳನ್ನು ಅರ್ಹರಲ್ಲದವರಿಗೆ ಕೊಟ್ಟ ಆರೋಪದ ತನಿಖೆ ನಡೆಸುತ್ತಿರುವುದಾಗಿ ಸಿಬಿಐ 2021ರಲ್ಲಿ ತಿಳಿಸಿತ್ತು. ಆಗ ಶೋಧ ನಡೆದದ್ದು ಹಿರಿಯ ಅಧಿಕಾರಿಗಳ ಮನೆಗಳಲ್ಲಿ ಮತ್ತು ಬಂದೂಕಿನ ಅಂಗಡಿಗಳಲ್ಲಿ. ಪರವಾನಗಿ ಕೊಡುವವರು, ಪಡೆದವರು ಇಬ್ಬರ ಮೇಲೂ ಅಲ್ಲಿ ಆರೋಪವಿತ್ತು. ಕಡತ ಸರಿಯಿದ್ದ ಮಾತ್ರಕ್ಕೆ ಕೈ ಶುದ್ಧವಾಗಿದೆ ಎಂದರ್ಥವಲ್ಲ.

ಹೀಗಿರುವಾಗ ಪೂರ್ವಾಪರ ವಿಚಾರಣೆ ಮಾಡುವುದು ಒಂದು ಜರಡಿಯ ಕೆಲಸ. ಜರಡಿಯ ಕಣ್ಣು ಎಷ್ಟು ಸಣ್ಣದಿರಬೇಕು, ಅದರಲ್ಲಿ ಏನು ನಿಲ್ಲಬೇಕು, ಏನು ಇಳಿಯಬೇಕು ಎಂಬುದು ಮುಖ್ಯ. ಇದಕ್ಕೆ ಹೊಸ ಅಳತೆ ಹುಡುಕಬೇಕಾಗಿಲ್ಲ. 9ನೇ ಕಲಂನ ಪಟ್ಟಿ ಈಗಾಗಲೇ ಇದೆ. ವಯಸ್ಸು ಎಷ್ಟು, ಹಿಂಸೆಯ ಅಪರಾಧಕ್ಕೆ ಶಿಕ್ಷೆಯಾಗಿದೆಯೇ, ಮುಚ್ಚಳಿಕೆಯ ಅವಧಿ ನಡೆಯುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಠಾಣೆಯ ದಾಖಲೆಯಲ್ಲಿ ಉತ್ತರ ಸಿಗುತ್ತದೆ. ಕರ್ನಾಟಕದಲ್ಲಿ ಇತರ ಉದ್ಯೋಗಗಳಿಗಾಗಿ ಪೊಲೀಸ್ ಪರಿಶೀಲನಾ ಪತ್ರ ಪಡೆಯಲು ಸೇವಾ ಸಿಂಧು ಮೂಲಕ ಅರ್ಜಿ ಹಾಕುವ ವ್ಯವಸ್ಥೆಯೂ ಇದೆ. ಮನೆಗೆಲಸಕ್ಕೆ, ವಾಹನ ಓಡಿಸುವ ಕೆಲಸಕ್ಕೆ ಕೇಳುವ ಪತ್ರವನ್ನು ಬಂದೂಕಿನ ಅಂಗಡಿಯ ಕೆಲಸಕ್ಕೂ ಕೇಳಿದರೆ ಮಾಲೀಕನಿಗೆ ಹೊರೆಯೇನೂ ಆಗಲಾರದು. ಎಷ್ಟೋ ಮಾಲೀಕರಿಗೆ ಅದು ಸಮಾಧಾನವನ್ನೇ ತರಬಹುದು, ಯಾಕೆಂದರೆ ಅಂಗಡಿಯಲ್ಲಿ ಏನೇ ಎಡವಟ್ಟಾದರೂ ಮೊದಲು ಹೋಗುವುದು ಅವರ ಪರವಾನಗಿ.

ಏನನ್ನು ವಿಚಾರಿಸಬಾರದು ಎಂಬುದೂ ಅಷ್ಟೇ ಮುಖ್ಯ. ಠಾಣೆಯ ವರದಿ ಬರೆಯುವವರು ‘ಆ ಕೇರಿಯವನು’, ‘ಆ ಜಾತಿಯವನು’, ‘ಅವನ ಚಿಕ್ಕಪ್ಪನ ಮೇಲೆ ಕೇಸಿತ್ತು’ ಎಂದು ಷರಾ ಬರೆದರೆ 1871ರ ಕಾನೂನು ಹಿಂಬಾಗಿಲಿನಿಂದ ಒಳಗೆ ಬಂದಂತೆ. ಅಪರಾಧ ಸಾಬೀತಾಗುವುದು ಬೇರೆ, ಕೇಸು ದಾಖಲಾಗುವುದು ಬೇರೆ. ಹೊಲದ ಬದುವಿನ ಜಗಳದಲ್ಲಿ ಊರಿನ ಅರ್ಧ ಜನರ ಹೆಸರು ಎಫ್‌ಐಆರ್ ಸೇರುವುದು ಈ ಸೀಮೆಯಲ್ಲಿ ಅಪರೂಪವಲ್ಲ. ಶಿಕ್ಷೆ ಮುಗಿಸಿ ಐದು ವರ್ಷ ಕಳೆದವನಿಗೆ ಕಾಯ್ದೆಯೇ ಬಾಗಿಲು ತೆರೆದಿಟ್ಟಿದೆ. ಹೊಟ್ಟೆಪಾಡಿನ ಪ್ರಶ್ನೆ ಇರುವಲ್ಲಿ ವರದಿ ವಿರುದ್ಧವಾಗಿ ಬಂದರೆ ಕಾರಣ ಏನೆಂದು ಕೆಲಸಗಾರನಿಗೆ ತಿಳಿಸಬೇಕು, ತಪ್ಪಿದ್ದರೆ ತಿದ್ದಿಸಿಕೊಳ್ಳಲು ಅವಕಾಶವಿರಬೇಕು.

ವಿಚಾರಣೆ ಒಂದೇ ಸಲ ಮುಗಿಯುವ ಕೆಲಸವೂ ಅಲ್ಲ. ಸೇರುವಾಗ ಒಳ್ಳೆಯವನಾಗಿದ್ದವನು ಸಾಲದ ಸುಳಿಗೆ ಸಿಕ್ಕು ದಾರಿ ತಪ್ಪಬಹುದು. ಮನಸ್ಸು ಕುಗ್ಗಿ ತನ್ನ ಜೀವಕ್ಕೇ ಎರವಾಗಬಹುದು. ತೆರೆದ ಕಪಾಟಿನ ಅಪಾಯ ಕಳ್ಳತನದ್ದು ಮಾತ್ರವಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಬೀಗದ ಕೈ ಇಬ್ಬರ ಬಳಿ ಇರುವುದು, ದಿನದ ಕೊನೆಗೆ ದಾಸ್ತಾನು ಎಣಿಸುವುದು, ಪುಸ್ತಕ ಬರೆಯುವವನೇ ಮಾಲು ಎತ್ತಿಕೊಡದಂತೆ ನೋಡಿಕೊಳ್ಳುವುದು ಇವೆಲ್ಲ ಕಿರಾಣಿ ಅಂಗಡಿಯಲ್ಲೂ ನಡೆಯುವ ಹಳೆಯ ಎಚ್ಚರಗಳು. ಗಿರಾಕಿಯೂ ತನ್ನ ಪಾಲಿನದನ್ನು ಮಾಡಬಹುದು. ಪರವಾನಗಿ ಪುಸ್ತಕ ಕೈಗೆ ಬಂದಕೂಡಲೇ ಬಿಚ್ಚಿ, ಎಷ್ಟು ತೋಟಾ ಬರೆದಿದ್ದಾರೆಂದು ಓದಿಸಿ ನೋಡಿದರೆ ಸಾಕು. ತನ್ನ ಹೆಸರಿನಲ್ಲಿ ಬೇರೆಯವರಿಗೆ ಗುಂಡು ಹೋಗುವುದು ಅಲ್ಲಿಗೇ ನಿಲ್ಲುತ್ತದೆ.

ಸುರಪುರದ ಅರಸನ ಸಾವಿಗೆ ಯಾರು ಹೊಣೆ ಎಂಬುದನ್ನು ಇತಿಹಾಸಕಾರರು ಚರ್ಚಿಸುತ್ತಲೇ ಇರುತ್ತಾರೆ. ಆ ಡೇರೆಯೊಳಗೆ ಅಂದು ಬಂದೂಕಿಗೆ ಒಡೆಯನಿದ್ದ, ಕಾನೂನೂ ಇತ್ತು. ಇರದಿದ್ದದ್ದು ಕುರ್ಚಿಯ ಮೇಲೆ ಕಣ್ಣಿಡುವವರು. ಹಬ್ಬದ ಮರುದಿನ ಆಯುಧಪೂಜೆಯ ಚೆಂಡುಹೂವನ್ನು ತೆಗೆದು ಬಂದೂಕುಗಳನ್ನು ಕಪಾಟಿಗೆ ಸೇರಿಸುವ ಅಂಗಡಿಯ ಕೆಲಸಗಾರನ ಮಟ್ಟಿಗೆ ಕೇಳಬೇಕಾದದ್ದೂ ಅಷ್ಟೇ: ಅವನು ಯಾರ ಮಗ ಎಂದಲ್ಲ, ಅವನ ಕೈಯಲ್ಲಿ ಬೀಗ ಭದ್ರವಾಗಿದೆಯೇ ಎಂದು.